ಮರಳ ಮೇಲಿನ ಲೆಕ್ಕವನ್ನು ರೋಮಿಗೆ ತಿಳಿಸಿದ ಯಾತ್ರಿಕ: ಪಿಯೆತ್ರೊ ದೆಲ್ಲಾ ವಾಲ್ಲೆ

ನಿಜಲಿಂಗಪ್ಪ ಬಡಾವಣೆಯ ನಮ್ಮ ಸರ್ಕಾರಿ ಪ್ರೌಢಶಾಲೆಗೆ ಐವತ್ತು ವರ್ಷ ತುಂಬಿದ ಸಂಭ್ರಮದಲ್ಲಿ ಹೊರಬರುತ್ತಿರುವ ಈ ಸಂಚಿಕೆಗೆ ಒಬ್ಬ ಮಹನೀಯರ ಜೀವನ ಚರಿತ್ರೆಯನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯ ಗುರುಗಳು ಅಪ್ಪಣೆ ಮಾಡಿದರು. ಗಾಂಧೀಜಿ, ವಿವೇಕಾನಂದ, ವಿಶ್ವೇಶ್ವರಯ್ಯನವರ ಬಗ್ಗೆ ನನಗಿಂತ ಚೆನ್ನಾಗಿ ಬರೆಯಬಲ್ಲವರು ಈ ಶಾಲೆಯಲ್ಲಿ ಬಹಳ ಮಂದಿ ಇದ್ದಾರೆ. ನಾನು ಆರಿಸಿಕೊಂಡಿರುವುದು ಇಟಲಿ ದೇಶದಲ್ಲಿ ಹುಟ್ಟಿ, ಇಂದಿಗೆ ಸುಮಾರು ನಾನ್ನೂರು ವರ್ಷಗಳ ಹಿಂದೆ ನಮ್ಮ ಮಲೆನಾಡಿಗೆ ಬಂದುಹೋದ ಒಬ್ಬ ಪ್ರವಾಸಿಯನ್ನು. ಆತನ ಹೆಸರು ಪಿಯೆತ್ರೊ ದೆಲ್ಲಾ ವಾಲ್ಲೆ. ನಮ್ಮ ಚರಿತ್ರೆ ಪುಸ್ತಕಗಳಲ್ಲಿ ಕೆಳದಿ ನಾಯಕರ ಪಾಠ ಬರುವಾಗ ಒಂದು ಸಾಲಿನಲ್ಲಿ ಬಂದು ಮರೆಯಾಗುವ ಹೆಸರು ಇದು.

ಶಾಲೆಯ ಹಬ್ಬದಲ್ಲಿ ಈತನನ್ನು ನೆನೆಯಲು ಕಾರಣವಿದೆ. ನಮ್ಮ ನಾಡಿನ ಮಕ್ಕಳು ಹಿಂದಿನ ಕಾಲದಲ್ಲಿ ಲೆಕ್ಕ ಹೇಗೆ ಕಲಿಯುತ್ತಿದ್ದರು ಎಂಬುದನ್ನು ಕಣ್ಣಾರೆ ಕಂಡು, ಎದುರು ಕುಳಿತು ವಿಚಾರಿಸಿ, ವಿವರವಾಗಿ ಬರೆದಿಟ್ಟವರಲ್ಲಿ ಈತ ಬಹಳ ಹಿಂದಿನವನು. ಆ ಬರಹ ಇರುವುದು ಇಟಾಲಿಯನ್ ಭಾಷೆಯಲ್ಲಿ.

ಪಿಯೆತ್ರೊ 1586ರಲ್ಲಿ ರೋಮ್ ನಗರದ ಒಂದು ಶ್ರೀಮಂತ ಮನೆತನದಲ್ಲಿ ಹುಟ್ಟಿದ. ಲ್ಯಾಟಿನ್ ಮತ್ತು ಪ್ರಾಚೀನ ಸಾಹಿತ್ಯದಲ್ಲಿ ಒಳ್ಳೆಯ ಶಿಕ್ಷಣ ಪಡೆದ. ರೋಮಿನ ಉಮೊರಿಸ್ತಿ ಎಂಬ ವಿದ್ವತ್ ಸಭೆಯ ಸದಸ್ಯನಾಗಿ ಕವಿತೆ ಬರೆದ, ಸಂಗೀತದಲ್ಲಿ ಆಸಕ್ತಿ ಬೆಳೆಸಿಕೊಂಡ. ಉಣ್ಣಲು ಉಡಲು ಕೊರತೆಯಿಲ್ಲದ ಮನೆ. ದುಡಿಯಲೇಬೇಕೆಂಬ ಒತ್ತಾಯವೂ ಇರಲಿಲ್ಲ. ಆದರೆ ಮೆಚ್ಚಿದ ಹುಡುಗಿ ಬೇರೊಬ್ಬನ ಕೈಹಿಡಿದಾಗ ಮನಸ್ಸು ಕದಡಿತು. ರೋಮ್ ಬಿಟ್ಟು ನೇಪಲ್ಸಿಗೆ ಹೋದ. ಅಲ್ಲಿ ಮಾರಿಯೊ ಸ್ಕಿಪಾನೊ ಎಂಬ ವೈದ್ಯ ವಿದ್ವಾಂಸನ ಗೆಳೆತನವಾಯಿತು. ನೊಂದು ಕೂರುವ ಬದಲು ಪೂರ್ವ ದೇಶಗಳಿಗೆ ಯಾತ್ರೆ ಹೋಗಿ, ಕಂಡದ್ದನ್ನೆಲ್ಲ ಬರೆದು ಕಳುಹಿಸುವಂತೆ ಈ ಸ್ನೇಹಿತ ದಾರಿ ತೋರಿದ. ಪಿಯೆತ್ರೊ ಹರಕೆ ಹೊತ್ತು ತನ್ನ ಹೆಸರಿನ ಮುಂದೆ ಇಲ್ ಪೆಲ್ಲೆಗ್ರಿನೊ, ಅಂದರೆ ಯಾತ್ರಿಕ ಎಂದು ಸೇರಿಸಿಕೊಂಡ. 1614ರ ಜೂನ್ ತಿಂಗಳಲ್ಲಿ ವೆನಿಸ್ ಬಂದರಿನಲ್ಲಿ ಹಡಗು ಹತ್ತಿದಾಗ ಅವನಿಗೆ 28 ವರ್ಷ. ಮತ್ತೆ ರೋಮಿಗೆ ಮರಳಿದ್ದು 1626ರ ಮಾರ್ಚ್‌ನಲ್ಲಿ. ಈ ಸುಮಾರು ಹನ್ನೆರಡು ವರ್ಷಗಳಲ್ಲಿ ಅವನು ಸ್ಕಿಪಾನೊಗೆ ಬರೆದ ಉದ್ದುದ್ದದ ಪತ್ರಗಳು 54. ಆ ಪತ್ರಗಳೇ ಅವನ ಗ್ರಂಥ.

ಆ ಕಾಲದಲ್ಲಿ ಪೂರ್ವಕ್ಕೆ ಬಂದ ಐರೋಪ್ಯರಲ್ಲಿ ಹೆಚ್ಚಿನವರು ವ್ಯಾಪಾರಿಗಳು, ಸೈನಿಕರು ಅಥವಾ ಪಾದ್ರಿಗಳು. ಪಿಯೆತ್ರೊ ಈ ಯಾವ ಗುಂಪಿಗೂ ಸೇರಿದವನಲ್ಲ. ಹೋದ ಊರಿನ ಭಾಷೆಯನ್ನು ಕಲಿಯುವುದೇ ಅವನ ದೊಡ್ಡ ಉದ್ಯೋಗವಾಗಿತ್ತು. ಕಾನ್‌ಸ್ಟಾಂಟಿನೋಪಲ್ ನಗರದಲ್ಲಿ ವರ್ಷಕ್ಕೂ ಹೆಚ್ಚು ಕಾಲ ನಿಂತು ಟರ್ಕಿ ಭಾಷೆ ಕಲಿತ. ಮುಂದೆ ಆ ಭಾಷೆಗೆ ವ್ಯಾಕರಣವನ್ನೂ ಬರೆದ. ಅರಬ್ಬಿ ಅಭ್ಯಾಸ ಮಾಡಿದ. ಪರ್ಷಿಯಾಕ್ಕೆ ಹೋದ ಮೇಲೆ ಪಾರಸಿ ಭಾಷೆಯಲ್ಲಿ ಬರೆಯುವ ಮಟ್ಟಕ್ಕೆ ಬಂದ.

ಈ ಭಾಷೆಯ ಹಸಿವು ಅವನೊಬ್ಬನ ಖುಷಿಗೆ ಮುಗಿಯಲಿಲ್ಲ. ಈಜಿಪ್ಟಿನಲ್ಲಿ ಅವನು ಕಾಪ್ಟಿಕ್ ಭಾಷೆಯ ವ್ಯಾಕರಣ ಮತ್ತು ಶಬ್ದಕೋಶದ ಹಸ್ತಪ್ರತಿಗಳನ್ನು ಸಂಪಾದಿಸಿದ. ರೋಮಿನಲ್ಲಿ ಕಿರ್ಚರ್ ಎಂಬ ವಿದ್ವಾಂಸ 1643ರಲ್ಲಿ ಅವನ್ನು ಅಚ್ಚು ಹಾಕಿಸಿದ. ಕಾಪ್ಟಿಕ್ ಎಂಬುದು ಪ್ರಾಚೀನ ಈಜಿಪ್ಟ್ ಭಾಷೆಯ ಕೊನೆಯ ಕುಡಿ. ಅದರ ಅಭ್ಯಾಸ ಯುರೋಪಿನಲ್ಲಿ ಬೇರೂರಿದ್ದರಿಂದಲೇ 1822ರಲ್ಲಿ ಶಾಂಪೋಲಿಯನ್ ಚಿತ್ರಲಿಪಿಯನ್ನು ಓದಲು ಸಾಧ್ಯವಾಯಿತು. ದಮಾಸ್ಕಸ್ ನಗರದಲ್ಲಿ ಪಿಯೆತ್ರೊ ಸಮಾರಿಟನ್ ಜನರ ಪವಿತ್ರ ಗ್ರಂಥದ ಪ್ರತಿಯೊಂದನ್ನು ಕೊಂಡ. ಅದು ಮುಂದೆ ಪ್ಯಾರಿಸ್ಸಿನಲ್ಲಿ ಅಚ್ಚಾಗಿ ಬೈಬಲ್ ಅಧ್ಯಯನಕ್ಕೆ ಹೊಸ ಆಧಾರವಾಯಿತು. 1621ರಲ್ಲಿ ಪರ್ಷಿಯಾದ ಹಾಳು ನಗರ ಪರ್ಸೆಪೊಲಿಸ್‌ನ ಕಲ್ಲುಗಳ ಮೇಲೆ ಮೊಳೆಯಾಕಾರದ ಅಕ್ಷರಗಳನ್ನು ಕಂಡು ಕೆಲವನ್ನು ನಕಲು ಮಾಡಿದ. ಅವನ್ನು ಓದುವವರು ಆಗ ಯಾರೂ ಇರಲಿಲ್ಲ. ಆದರೂ ಮೊಳೆಗಳ ತಲೆ ಇರುವ ಬಗೆಯನ್ನು ನೋಡಿ, ಈ ಲಿಪಿಯನ್ನು ಎಡದಿಂದ ಬಲಕ್ಕೆ ಬರೆದಿರಬೇಕೆಂದು ಊಹಿಸಿದ. ಆ ಊಹೆ ಸರಿಯಾಗಿತ್ತು.

ನಮ್ಮ ಕಾವ್ಯಗಳಲ್ಲಿ ಶ್ರವಣಾನುರಾಗ ಎಂಬ ಮಾತುಂಟು. ನಳನ ಗುಣಗಳನ್ನು ಕೇಳಿಯೇ ದಮಯಂತಿ ಮನಸೋತಳು. ಪಿಯೆತ್ರೊನ ಬಾಳಿನಲ್ಲೂ ಹಾಗೆಯೇ ನಡೆಯಿತು. ಬಾಗ್ದಾದಿಗೆ ಹೋಗುವ ಮರುಭೂಮಿಯ ದಾರಿಯಲ್ಲಿ ಸಹಪ್ರಯಾಣಿಕನೊಬ್ಬ ಅಲ್ಲಿನ ಕ್ರೈಸ್ತ ಕುಟುಂಬದ ಸಿತ್ತಿ ಮಾನಿ ಎಂಬ ತರುಣಿಯ ರೂಪ ಗುಣಗಳನ್ನು ಹೊಗಳಿದ. ಕೇಳುತ್ತ ಕೇಳುತ್ತಲೇ ಇವನ ಮನಸ್ಸು ಅಲ್ಲಿಗೆ ಹೋಯಿತು. 1616ರಲ್ಲಿ ಬಾಗ್ದಾದಿನಲ್ಲಿ ಅವರ ಮದುವೆಯಾಯಿತು. ರೋಮಿನ ಗಂಡು, ಬಾಗ್ದಾದಿನ ಹೆಣ್ಣು. ಇಬ್ಬರಿಗೂ ಬರುತ್ತಿದ್ದ ಟರ್ಕಿ ಭಾಷೆಯೇ ಅವರ ಮನೆಮಾತಾಯಿತು. ಕಾನ್‌ಸ್ಟಾಂಟಿನೋಪಲ್‌ನಲ್ಲಿ ಅವನು ಆ ಭಾಷೆಯನ್ನು ಕಲಿಯದೇ ಹೋಗಿದ್ದರೆ ಆ ಸಂಸಾರ ಹೇಗೆ ನಡೆಯುತ್ತಿತ್ತೋ.

ಮಾನಿ ಗಂಡನ ಜೊತೆ ಪರ್ಷಿಯಾದುದ್ದಕ್ಕೂ ಪ್ರಯಾಣ ಮಾಡಿದಳು. ಷಾ ಅಬ್ಬಾಸನ ರಾಜಧಾನಿಯನ್ನು ಕಂಡಳು. ತಾಯಿಯಾಗುವ ಆಸೆಯಲ್ಲಿದ್ದಾಗ, 1621ರ ಡಿಸೆಂಬರ್ ಕೊನೆಯಲ್ಲಿ, ಹಾರ್ಮುಜ್ ಬಳಿಯ ಮೀನಾಬ್ ಎಂಬಲ್ಲಿ ಜ್ವರ ಬಂದು ತೀರಿಕೊಂಡಳು. ಪಿಯೆತ್ರೊ ಹೆಂಡತಿಯನ್ನು ಪರಸ್ಥಳದಲ್ಲಿ ಮಣ್ಣು ಮಾಡಲು ಒಪ್ಪಲಿಲ್ಲ. ದೇಹ ಕೆಡದಂತೆ ಕರ್ಪೂರದಲ್ಲಿ ಇರಿಸಿ, ಪೆಟ್ಟಿಗೆಯಲ್ಲಿ ಮುಚ್ಚಿ, ಸಾಮಾನಿನ ನಡುವೆ ಯಾರಿಗೂ ತಿಳಿಯದಂತೆ ಅಡಗಿಸಿಕೊಂಡು ಮುಂದೆ ಸಾಗಿದ. ಆ ಪೆಟ್ಟಿಗೆಯನ್ನು ರೋಮಿಗೆ ಒಯ್ದು, 1627ರಲ್ಲಿ ತನ್ನ ಮನೆತನದವರ ಸಮಾಧಿ ಇರುವ ಚರ್ಚಿನಲ್ಲಿ ಇಳಿಸಿದ ಮೇಲೆಯೇ ಅವನ ಯಾತ್ರೆ ಮುಗಿದದ್ದು. ನಮ್ಮ ದೇಶಕ್ಕೆ ಬಂದಾಗ ಅವನು ಹೊಸದಾಗಿ ಹೆಂಡತಿಯನ್ನು ಕಳೆದುಕೊಂಡ 36 ವರ್ಷದ ಗಂಡಸು ಎಂಬುದನ್ನು ಓದುಗರು ನೆನಪಿನಲ್ಲಿ ಇಡಬೇಕು.

1623ರ ಫೆಬ್ರವರಿಯಲ್ಲಿ ಅವನು ಇಂಗ್ಲಿಷರ ಹಡಗಿನಲ್ಲಿ ಸೂರತ್ತಿಗೆ ಬಂದಿಳಿದ. ಖಂಬಾಯತ್, ಅಹಮದಾಬಾದ್ ನೋಡಿಕೊಂಡು ಏಪ್ರಿಲ್ ವೇಳೆಗೆ ಪೋರ್ಚುಗೀಸರ ಗೋವೆಗೆ ತಲುಪಿದ. ಆ ಸಮಯದಲ್ಲಿ ಗೋವೆಯ ಸರ್ಕಾರ ಇಕ್ಕೇರಿಯ ಹಿರಿಯ ವೆಂಕಟಪ್ಪ ನಾಯಕನ ಬಳಿಗೆ ರಾಯಭಾರಿಯನ್ನು ಕಳುಹಿಸುವ ಸಿದ್ಧತೆಯಲ್ಲಿತ್ತು. ಕಾಳುಮೆಣಸಿನ ವ್ಯಾಪಾರ ಮತ್ತು ಮಂಗಳೂರು ಕಡೆಯ ಬಂಗ ಅರಸನ ಜಗಳ ಇವೆರಡೂ ಮಾತುಕತೆಯ ವಿಷಯಗಳು. ವೆಂಕಟಪ್ಪ ನಾಯಕನ ಕಡೆಯಿಂದ ಗೋವೆಗೆ ಬಂದಿದ್ದ ವಿಠಲ ಶೆಣೈ ಎಂಬವನೂ ಜೊತೆಯಲ್ಲಿ ಹಿಂದಿರುಗುವವನಿದ್ದ. ಪಿಯೆತ್ರೊ ಆ ತಂಡವನ್ನು ಸೇರಿಕೊಂಡ.

ಈತನ ಪರಿಚಯ ನನಗೆ ಹೇಗಾಯಿತೆಂಬುದನ್ನು ಇಲ್ಲಿ ಎರಡು ಮಾತಿನಲ್ಲಿ ಹೇಳಬೇಕು. ಹತ್ತನೇ ತರಗತಿಯವರೆಗೆ ಇದೇ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದ ನಾನು ಮುಂದೆ ಇತಿಹಾಸದ ವಿದ್ಯಾರ್ಥಿನಿಯಾದೆ. ದೆಹಲಿಗೆ ಹೋದಾಗ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಇಟಾಲಿಯನ್ ತರಗತಿಗೂ ಸೇರಿದೆ. ತಂದೆಯವರು ಹತ್ತಿ ಗಿರಣಿಯಲ್ಲಿ ದುಡಿದವರು. ಬಂಧುಗಳೆಲ್ಲ ಬಿ.ಎಡ್. ಮಾಡಿ ನೌಕರಿ ಹಿಡಿಯದೆ ಇದನ್ನೇಕೆ ಕಲಿಯುತ್ತೀಯೆ, ಆ ದೇಶದವರನ್ನು ದಾವಣಗೆರೆಯಲ್ಲಿ ಎಲ್ಲಿ ಹುಡುಕುತ್ತೀಯೆ ಎಂದು ಕೇಳುತ್ತಿದ್ದರು. ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಒಂದು ವರ್ಷದ ಶುಲ್ಕ, ಬಾಡಿಗೆ, ಊಟದ ಖರ್ಚು ನಮ್ಮ ಮನೆಗೆ ಸಣ್ಣ ಮೊತ್ತವಾಗಿರಲಿಲ್ಲ. ಬಾಯಲ್ಲಿ ಹೇಳಿ ಒಪ್ಪಿಸುವಂಥ ಉತ್ತರ ಆಗ ನನ್ನ ಬಳಿ ಇರಲಿಲ್ಲ. ಈ ಲೇಖನವೇ ಆ ಉತ್ತರ.

ಆ ತರಗತಿಯಲ್ಲಿ ನನಗೆ ಆಶ್ಚರ್ಯವಾದದ್ದು ಕನ್ನಡದ ಮಕ್ಕಳಿಗೆ ಇಟಾಲಿಯನ್ ಅಷ್ಟೇನೂ ದೂರವಲ್ಲ ಎಂಬುದು. ಇಂಗ್ಲಿಷಿನಂತೆ ಒಂದು ಬರೆದು ಇನ್ನೊಂದು ಓದುವ ಕಷ್ಟ ಅಲ್ಲಿ ತೀರ ಕಡಿಮೆ. ನಮ್ಮ ಹಾಗೆಯೇ ಅವರ ಪದಗಳೂ ಬಹುಪಾಲು ಸ್ವರದಲ್ಲಿ ಮುಗಿಯುತ್ತವೆ. ಮನೆಗೆ ಕಾಸಾ, ಪುಸ್ತಕಕ್ಕೆ ಲೀಬ್ರೊ, ಶಾಲೆಗೆ ಸ್ಕುವೋಲಾ. ಒತ್ತಕ್ಷರ ತಪ್ಪಿದರೆ ಅರ್ಥ ಕೆಡುವುದೂ ನಮ್ಮಂತೆಯೇ. ನೊನ್ನೊ ಎಂದರೆ ಅಜ್ಜ, ನೋನೊ ಎಂದರೆ ಒಂಬತ್ತನೆಯದು. ಇದನ್ನು ಉಚ್ಚರಿಸಲು ಇಂಗ್ಲಿಷ್ ಮಾತನಾಡುವವರು ತಿಣುಕುತ್ತಾರೆ. ಹಳ್ಳಿ, ಹಕ್ಕಿ, ಅಣ್ಣ ಎಂದು ಮಾತು ಕಲಿತ ನಮಗೆ ಅದು ತಾನಾಗಿ ಬರುತ್ತದೆ. ಓದುತ್ತೇನೆ ಎಂದರೆ ನಾನು ಎಂದು ಬೇರೆ ಹೇಳಬೇಕಾಗಿಲ್ಲವಲ್ಲ, ಅವರ ಕ್ರಿಯಾಪದಗಳೂ ಹಾಗೆಯೇ ಕೊನೆಯ ಅಕ್ಷರದಲ್ಲೇ ಮಾತನಾಡುವವರು ಯಾರೆಂದು ತಿಳಿಸುತ್ತವೆ.

ಇನ್ನೊಂದು ನೆಂಟಸ್ತನವನ್ನು ಪಿಯೆತ್ರೊಗಿಂತ ಮೊದಲೇ ಗೋವೆಗೆ ಬಂದಿದ್ದ ಫಿಲಿಪ್ಪೊ ಸಾಸ್ಸೆತ್ತಿ ಎಂಬ ಫ್ಲಾರೆನ್ಸ್ ನಗರದ ವ್ಯಾಪಾರಿ ಗುರುತಿಸಿದ್ದ. ಸಪ್ತಕ್ಕೆ ಅವರಲ್ಲಿ ಸೆತ್ತೆ, ಅಷ್ಟಕ್ಕೆ ಒತ್ತೊ, ನವಕ್ಕೆ ನೋವೆ, ಸರ್ಪಕ್ಕೆ ಸೆರ್ಪೆ. ಸಂಸ್ಕೃತಕ್ಕೂ ಯುರೋಪಿನ ಭಾಷೆಗಳಿಗೂ ಸಂಬಂಧವಿದೆಯೆಂದು ವಿಲಿಯಂ ಜೋನ್ಸ್ 1786ರಲ್ಲಿ ಕಲ್ಕತ್ತೆಯಲ್ಲಿ ಸಾರಿದ. ಅದಕ್ಕೆ 200 ವರ್ಷ ಮೊದಲೇ ಸಾಸ್ಸೆತ್ತಿ ತನ್ನ ಪತ್ರಗಳಲ್ಲಿ ಈ ಹೋಲಿಕೆಯನ್ನು ಬರೆದಿದ್ದ. ಅವನು 1588ರಲ್ಲಿ ಗೋವೆಯಲ್ಲೇ ತೀರಿಕೊಂಡ.

ಇನ್ನು ಪಿಯೆತ್ರೊನ ಪ್ರಯಾಣಕ್ಕೆ ಬರೋಣ. 1623ರ ಅಕ್ಟೋಬರ್‌ನಲ್ಲಿ ರಾಯಭಾರಿಯ ತಂಡ ಗೋವೆಯಿಂದ ಹೊರಟು ಸಮುದ್ರದ ಮೇಲೆ ಹೊನ್ನಾವರಕ್ಕೆ ಬಂತು. ಅಲ್ಲಿಂದ ಶರಾವತಿ ನದಿಯಲ್ಲಿ ದೋಣಿಯ ಮೇಲೆ ಗೇರುಸೊಪ್ಪೆಗೆ ಹೋಯಿತು. ಎರಡು ದಡಗಳ ಕಾಡನ್ನೂ ನದಿಯ ಚೆಲುವನ್ನೂ ಪಿಯೆತ್ರೊ ಮನಸಾರೆ ಮೆಚ್ಚಿ ಬರೆದಿದ್ದಾನೆ. ಮೆಣಸಿನ ರಾಣಿ ಎಂದು ಪೋರ್ಚುಗೀಸರು ಕರೆಯುತ್ತಿದ್ದ ರಾಣಿಯ ಗೇರುಸೊಪ್ಪೆ ಪಟ್ಟಣ ಅಷ್ಟು ಹೊತ್ತಿಗಾಗಲೇ ಹಾಳುಬಿದ್ದಿತ್ತು, ಅರಮನೆಯ ಜಾಗದಲ್ಲಿ ಪೊದೆ ಬೆಳೆದಿತ್ತು. ಅಲ್ಲಿಂದ ಘಟ್ಟ ಹತ್ತಿ, ಸಾಗರದ ಮೂಲಕ ಇಕ್ಕೇರಿಗೆ ದಾರಿ. ನಾವು ಇಂದು ಹೊನ್ನಾಳಿ, ಶಿವಮೊಗ್ಗ ದಾಟಿ ಅರ್ಧ ದಿನದಲ್ಲಿ ಮುಟ್ಟುವ ಊರದು.

ಘಟ್ಟದ ಮೇಲಿನ ಒಂದು ಹಳ್ಳಿಯ ಹನುಮಂತನ ಗುಡಿಯಲ್ಲಿ ತಂಡ ಉಳಿದುಕೊಂಡಿತು. ಆ ಗುಡಿಯ ಜಗಲಿಯ ಮೇಲೆ ನಾಲ್ವರು ಹುಡುಗರು ಲೆಕ್ಕ ಕಲಿಯುತ್ತಿದ್ದರು. ಗುರುಗಳು ಹತ್ತಿರದಲ್ಲಿ ಇರಲಿಲ್ಲ. ಅವರು ಹೇಳಿಕೊಟ್ಟ ಪಾಠವನ್ನು ಹುಡುಗರು ತಾವೇ ಅಭ್ಯಾಸ ಮಾಡುತ್ತಿದ್ದರು. ಒಬ್ಬ ಹುಡುಗ ಒಂದು ಅಂಕಿಯನ್ನು ರಾಗವಾಗಿ ಹಾಡುತ್ತಾ ಅದನ್ನೇ ನೆಲದ ಮೇಲೆ ಹರಡಿದ ನುಣ್ಣನೆಯ ಮರಳಿನಲ್ಲಿ ಬೆರಳಿನಿಂದ ಬರೆಯುವನು. ಉಳಿದ ಮೂವರೂ ಅದೇ ರಾಗದಲ್ಲಿ ಹೇಳುತ್ತಾ ಅದನ್ನೇ ಬರೆಯುವರು. ಆಮೇಲೆ ಮೊದಲಿನವನು ಮುಂದಿನದನ್ನು ಹಾಡುವನು. ನೆಲ ತುಂಬಿದರೆ ಅಂಗೈಯಲ್ಲಿ ಸವರಿ ಅಳಿಸುವರು. ಬೇಕಾದರೆ ಪಕ್ಕದ ಸಣ್ಣ ಗುಡ್ಡೆಯಿಂದ ಹೊಸ ಮರಳನ್ನು ಹರಡಿಕೊಳ್ಳುವರು. ಕಾಗದ, ಮಸಿ, ಲೇಖನಿ ಯಾವುದರ ಖರ್ಚೂ ಇಲ್ಲ.

ಪಿಯೆತ್ರೊಗೆ ಕುತೂಹಲವಾಯಿತು. ಗುರುಗಳಿಲ್ಲದಾಗ ಮರೆತರೆ, ತಪ್ಪಿದರೆ ತಿದ್ದುವವರು ಯಾರು ಎಂದು ಆ ಹುಡುಗರನ್ನೇ ವಿಚಾರಿಸಿದ. ನಾಲ್ವರೂ ಒಂದೇ ಜಾಗದಲ್ಲಿ ಒಟ್ಟಿಗೆ ಮರೆಯುವುದು ಸಾಧ್ಯವಿಲ್ಲ, ಒಬ್ಬ ತಪ್ಪಿದರೆ ಮಿಕ್ಕವರು ತಿದ್ದುತ್ತಾರೆ, ಅದಕ್ಕಾಗಿಯೇ ಜೊತೆಯಲ್ಲಿ ಕೂತು ಕಲಿಯುತ್ತೇವೆ ಎಂಬ ಅರ್ಥದ ಉತ್ತರ ಬಂತು. ರೋಮಿನ ವಿದ್ವತ್ ಸಭೆಯಲ್ಲಿ ಕುಳಿತು ಬಂದ ಮನುಷ್ಯ ಆ ಮಕ್ಕಳ ಜಾಣ್ಮೆಗೆ ತಲೆದೂಗಿದ. ಸುಲಭವೂ ಭದ್ರವೂ ಆದ ಕಲಿಕೆ ಇದು ಎಂದು ಗೆಳೆಯನಿಗೆ ತಿಳಿಸಿದ.

ಮಗ್ಗಿಯನ್ನು ರಾಗವಾಗಿ ಹೇಳಿ ಕಲಿತ ನಮಗೆಲ್ಲ ಈ ಚಿತ್ರ ಗುರುತು ಸಿಗುತ್ತದೆ. ಅಕ್ಕಿಯ ಮೇಲೆ, ಮರಳಿನ ಮೇಲೆ ಬೆರಳು ಹಿಡಿಸಿ ಅಕ್ಷರ ತಿದ್ದಿಸುವ ಪದ್ಧತಿಯನ್ನು ನಮ್ಮ ಹಿರಿಯರು ಕಂಡವರೇ. ಇದು ಬಡವರ ಕೊರತೆಯ ಶಿಕ್ಷಣ ಎಂದು ಯಾರಾದರೂ ಕೀಳಾಗಿ ನೋಡಿದರೆ ಒಂದು ಸಂಗತಿ ಹೇಳಬಹುದು. ಪಿಯೆತ್ರೊ ಬಂದುಹೋದ ಒಂದೂವರೆ ಶತಮಾನದ ನಂತರ ಮದರಾಸಿನಲ್ಲಿ ಅನಾಥ ಬಾಲಕರ ಶಾಲೆ ನಡೆಸುತ್ತಿದ್ದ ಆಂಡ್ರೂ ಬೆಲ್ ಎಂಬ ಸ್ಕಾಟ್ಲೆಂಡಿನ ಪಾದ್ರಿ, ಇಲ್ಲಿನ ಮಕ್ಕಳು ಮರಳ ಮೇಲೆ ಬರೆದು ಕಲಿಯುವುದನ್ನು ಕಂಡು ತನ್ನ ಶಾಲೆಗೆ ಅಳವಡಿಸಿಕೊಂಡ. ಮಕ್ಕಳಿಂದಲೇ ಮಕ್ಕಳಿಗೆ ಪಾಠ ಹೇಳಿಸಿದ. 1797ರಲ್ಲಿ ಅದನ್ನು ಲಂಡನ್ನಿನಲ್ಲಿ ಪ್ರಕಟಿಸಿದ. ಮದರಾಸ್ ಪದ್ಧತಿ ಎಂಬ ಹೆಸರಿನಲ್ಲಿ ಅದು ಇಂಗ್ಲೆಂಡಿನ ಬಡಮಕ್ಕಳ ಶಾಲೆಗಳಿಗೆ ಹರಡಿತು.

ನವೆಂಬರ್‌ನಲ್ಲಿ ತಂಡ ಇಕ್ಕೇರಿಯನ್ನು ತಲುಪಿತು. ವಿಜಯನಗರದ ಅಧೀನದಲ್ಲಿದ್ದು, ಅದು ಕುಸಿದ ಮೇಲೆ ಸ್ವತಂತ್ರವಾಗಿ ಬಲಿತ ಮನೆತನ ಇದೆಂಬುದನ್ನೂ, ಅರಸ ಲಿಂಗವಂತನೆಂಬುದನ್ನೂ ಪಿಯೆತ್ರೊ ಗುರುತಿಸಿ ಬರೆದ. ಅಘೋರೇಶ್ವರ ದೇವಾಲಯವನ್ನು ಕಂಡ. ಬೀದಿಗಳಲ್ಲಿ ಹುಡುಗಿಯರು ಗುಂಪಾಗಿ ಬಣ್ಣದ ಪುಟ್ಟ ಕೋಲುಗಳನ್ನು ತಾಳಕ್ಕೆ ಸರಿಯಾಗಿ ತಾಕಿಸುತ್ತಾ ಹಾಡಿ ಕುಣಿಯುವುದನ್ನು ನೋಡಿದ. ಅದು ನಮ್ಮ ಕೋಲಾಟವೆಂದು ಬೇರೆ ಹೇಳಬೇಕಾಗಿಲ್ಲ.

ಇಕ್ಕೇರಿಯಲ್ಲೇ ಅವನು ಒಂದು ದಾರುಣ ದೃಶ್ಯವನ್ನೂ ಕಂಡ. ಗಂಡ ಸತ್ತ ತರುಣಿಯೊಬ್ಬಳು ಸಹಗಮನಕ್ಕೆ ನಿಶ್ಚಯಿಸಿ ಮೆರವಣಿಗೆಯಲ್ಲಿ ಹೊರಟಿದ್ದಳು. ತೆಲುಗು ಮನೆಮಾತಿನವಳು, ಪುಟ್ಟ ಮಕ್ಕಳ ತಾಯಿ. ಪಿಯೆತ್ರೊ ಅವಳ ಮನೆಗೇ ಹೋಗಿ, ದುಭಾಷಿಗಳ ಮೂಲಕ ಮಾತನಾಡಿ, ಮಕ್ಕಳ ಮುಖ ನೋಡಿಯಾದರೂ ಬೇಡವೆಂದು ತಡೆಯಲು ಪ್ರಯತ್ನಿಸಿದ. ಆಕೆ ಒಪ್ಪಲಿಲ್ಲ. ಅವಳ ಹೆಸರು ಅಳಿಯದಂತೆ ತನ್ನ ಬರಹದಲ್ಲಿ ಉಳಿಸುತ್ತೇನೆಂದು ಮಾತು ಕೊಟ್ಟು ಬಂದ. 1829ರ ಕಾನೂನು ಈ ಪದ್ಧತಿಯನ್ನು ನಿಷೇಧಿಸುವವರೆಗೆ ಎಷ್ಟೋ ಹೆಂಗಸರು ಹೆಸರಿಲ್ಲದೆ ಬೆಂಕಿಗೆ ಹೋದರು. ಇವಳೊಬ್ಬಳ ಹೆಸರು ಇಟಾಲಿಯನ್ ಪುಸ್ತಕದಲ್ಲಿ ಉಳಿದಿದೆ. ಮಾತು ಕೊಟ್ಟವನು ಅವಳ ಜೀವವನ್ನು ಉಳಿಸಲಾರದೆ ಹೋದ ಎಂಬ ನೋವೂ ಅದರ ಜೊತೆಗೇ ಇದೆ.

ಆ ಹೆಸರನ್ನು ಓದುವಾಗ ಭಾಷೆಯ ಪ್ರಶ್ನೆ ಎದುರಾಗುತ್ತದೆ. ರೋಮನ್ ಲಿಪಿಯಲ್ಲಿ ಅವನು ಬರೆದಿರುವುದನ್ನು ಇಂಗ್ಲಿಷ್ ರೂಢಿಯಂತೆ ಓದಿದರೆ ಗಿಯಾಕ್ಕಮಾ ಎಂದಾಗುತ್ತದೆ. ಅಂಥ ಹೆಸರು ನಮ್ಮಲ್ಲಿ ಇಲ್ಲ. ಇಟಾಲಿಯನ್ ರೂಢಿಯಲ್ಲಿ ಆ ಮೊದಲ ಮೂರು ಅಕ್ಷರಗಳಿಗೆ ಜ ಎಂದು ಉಚ್ಚಾರ. ಹಾಗೆ ಓದಿದ ಕೂಡಲೇ ನಮ್ಮ ಊರುಗಳ ಜಕ್ಕಮ್ಮ ಎದುರು ಬಂದು ನಿಲ್ಲುತ್ತಾಳೆ.

ಇಕ್ಕೇರಿಯಿಂದ ಇಳಿದು ಬಸರೂರಿನ ಮೂಲಕ ಮಂಗಳೂರಿಗೆ ಹೋದ ಮೇಲೆ ಇದೇ ಅನುಭವ ಮತ್ತೆ ಆಗುತ್ತದೆ. ಉಳ್ಳಾಲದ ರಾಣಿಯನ್ನು ನೋಡಲು ಪಿಯೆತ್ರೊ ಮಾನೇಲ್ ಎಂಬ ಊರಿಗೆ ಹೋದ. ರಾಣಿ ಅರಮನೆಯಲ್ಲಿ ಇರಲಿಲ್ಲ. ಹೊಲಗಳಿಗೆ ನೀರು ಹಾಯಿಸುವ ಕಾಲುವೆ ತೋಡಿಸುತ್ತಾ, ಬರಿಗಾಲಿನಲ್ಲಿ, ಒಡವೆ ಆಡಂಬರವಿಲ್ಲದೆ, ಕೂಲಿಗಳ ನಡುವೆ ನಿಂತಿದ್ದಳು. ವೇಷ ಕಂಡು ಅವನು ಮೂಗು ಮುರಿದದ್ದುಂಟು. ಮಾತು ಕೇಳಿದ ಮೇಲೆ ಈಕೆ ನಿಜವಾಗಿಯೂ ರಾಣಿಯೆಂದು ಒಪ್ಪಿಕೊಂಡ. ಇಷ್ಟೊಂದು ದೇಶ ಸುತ್ತಿ ಬಂದವನೆಂದು ತಿಳಿದಾಗ, ಪ್ರೇಮದ ಸೋಲಿನಿಂದಲೋ ಪ್ರೀತಿಯವರ ಸಾವಿನಿಂದಲೋ ಹೀಗೆ ಅಲೆಯುತ್ತಿರಬೇಕೆಂದು ರಾಣಿ ಕೇಳಿದಳು. ಅವನ ಬಾಳಿನಲ್ಲಿ ಎರಡೂ ನಡೆದಿದ್ದವು. ಆದರೂ ಅವನು ದುಃಖವನ್ನು ಮುಚ್ಚಿಟ್ಟು, ದೇಶಗಳನ್ನು ನೋಡಿ ಕಲಿಯುವ ಆಸೆಯಿಂದ ಮಾತ್ರ ಹೊರಟೆನೆಂದು ಉತ್ತರಿಸಿದ. ಕಾಲುವೆಯ ದಂಡೆಯ ಮೇಲೆ ನಿಂತಿದ್ದ ಆ ಹೆಂಗಸು ಒಂದೇ ಮಾತಿನಲ್ಲಿ ಅವನ ಮನಸ್ಸನ್ನು ಓದಿಬಿಟ್ಟಿದ್ದಳು.

ರಾಣಿಯ ಹೆಸರನ್ನು ಅವನು ಅಬಗ್ ದೇವಿ ಎಂದು ಬರೆದು, ಮುಂದೆ ಒಂದು ಬಿರುದನ್ನು ಸೇರಿಸಿದ್ದಾನೆ. ಇಂಗ್ಲಿಷ್ ಕ್ರಮದಲ್ಲಿ ಓದಿದರೆ ಅದು ಸಿಯಾಟ್ರು. ಇಟಾಲಿಯನ್ ಕ್ರಮದಲ್ಲಿ ಚೌತ್ರು. ಉಳ್ಳಾಲದ ಚೌಟ ಅರಸು ಮನೆತನದ ಹೆಸರೇ ಅದು. ಅಬ್ಬಕ್ಕದೇವಿ ಎಂಬ ಹೆಸರಿನ ರಾಣಿಯರು ಆ ಮನೆತನದಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ಇದ್ದರೆಂದು ಚರಿತ್ರೆ ತಿಳಿದವರು ಹೇಳುತ್ತಾರೆ. ಅವರಲ್ಲಿ ಒಬ್ಬಳನ್ನು ಎದುರು ನಿಂತು ಮಾತನಾಡಿಸಿ ಬರೆದವನು ಈತ. ಆಕೆಯ ಮಗನ ಹೆಸರನ್ನೂ ಹೀಗೆಯೇ ಬಿಡಿಸಿದಾಗ ಚೆಲುವ ರಾಯರು ಎಂಬ ಅಚ್ಚ ನಮ್ಮ ಹೆಸರು ಹೊರಬಂತು. ಬೀಗ ಅಲ್ಲೇ ಇತ್ತು. ಕೀಲಿಕೈ ಮಾತ್ರ ಇಟಾಲಿಯನ್ ವ್ಯಾಕರಣದ ಮೊದಲ ಪಾಠದಲ್ಲಿತ್ತು.

ಹಾಗೆಂದು ಪಿಯೆತ್ರೊ ಬರೆದದ್ದೆಲ್ಲ ವೇದವಾಕ್ಯವಲ್ಲ. ಅವನು ತನ್ನ ಮತದಲ್ಲಿ ಕಟ್ಟಾ ನಂಬಿಕೆಯವನು. ನಮ್ಮ ದೇವರುಗಳ ಮೂರ್ತಿಗಳ ಬಗ್ಗೆ ಹಗುರವಾಗಿ, ಕೆಲವು ಕಡೆ ತಿರಸ್ಕಾರದಿಂದ ಬರೆದಿದ್ದಾನೆ. ಮುಖ್ಯವಾಗಿ, ಅವನಿಗೆ ಕನ್ನಡವಾಗಲಿ ತುಳುವಾಗಲಿ ಬರುತ್ತಿರಲಿಲ್ಲ. ಟರ್ಕಿ, ಪರ್ಷಿಯಾಗಳಲ್ಲಿ ಜನರ ಜೊತೆ ನೇರವಾಗಿ ಮಾತನಾಡಿದವನು ನಮ್ಮ ನಾಡಿನಲ್ಲಿ ಪೋರ್ಚುಗೀಸ್ ಬಲ್ಲ ದುಭಾಷಿಗಳನ್ನು ನೆಚ್ಚಬೇಕಾಯಿತು. ಕಣ್ಣಿಗೆ ಕಂಡದ್ದನ್ನು, ಅಂದರೆ ಮರಳು, ಕೋಲು, ಕಾಲುವೆ, ಬರಿಗಾಲುಗಳನ್ನು ಅವನು ಇಂದಿಗೂ ಮಾಸದಂತೆ ಬರೆದ. ಕಿವಿಯಿಂದ ತಿಳಿಯಬೇಕಾದ ನಂಬಿಕೆ, ಆಚಾರ, ಪುರಾಣಗಳ ವಿಷಯದಲ್ಲಿ ಎಡವಿದ. ಅವನು ಇಲ್ಲಿ ಒಂದು ವರ್ಷ ನಿಂತು ಕನ್ನಡ ಕಲಿತಿದ್ದರೆ ವೆಂಕಟಪ್ಪ ನಾಯಕನ ಕಾಲದ ನಮ್ಮ ಜನರ ಮಾತು ಎಷ್ಟೋ ಉಳಿಯುತ್ತಿತ್ತು.

1624ರಲ್ಲಿ ಗೋವೆಯಲ್ಲಿದ್ದಾಗ ಅವನು, ಪರ್ಷಿಯಾದಲ್ಲಿ ಪರಿಚಯವಾಗಿದ್ದ ಒಬ್ಬ ಖಗೋಳ ವಿದ್ವಾಂಸನಿಗಾಗಿ, ಯುರೋಪಿನ ಹೊಸ ಖಗೋಳ ವಿಚಾರಗಳನ್ನು ಪಾರಸಿ ಭಾಷೆಯಲ್ಲಿ ಬರೆದು ಕಳುಹಿಸುವ ಕೆಲಸ ಮಾಡಿದ. ಪಡೆದುಕೊಂಡ ಭಾಷೆಯಲ್ಲೇ ತನ್ನ ಕಡೆಯ ವಿದ್ಯೆಯನ್ನು ಮರಳಿ ಕೊಟ್ಟ ಅವನ ಈ ಗುಣ ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾದದ್ದು. ಆ ವರ್ಷದ ಕೊನೆಯಲ್ಲಿ ಗೋವೆ ಬಿಟ್ಟು ಮಸ್ಕತ್, ಬಸ್ರಾ, ಅಲೆಪ್ಪೊಗಳ ದಾರಿಯಲ್ಲಿ ರೋಮ್ ಸೇರಿದ.

ರೋಮಿನಲ್ಲಿ ಪೋಪ್ ಎಂಟನೇ ಅರ್ಬನ್ ಅವನನ್ನು ಗೌರವಿಸಿ ತನ್ನ ಅರಮನೆಯಲ್ಲಿ ಪದವಿ ಕೊಟ್ಟ. ಮಾನಿ ಸಾಕಿ ಬೆಳೆಸಿದ್ದ, ಯಾತ್ರೆಯುದ್ದಕ್ಕೂ ಜೊತೆಗಿದ್ದ ಜಾರ್ಜಿಯಾ ದೇಶದ ಅನಾಥ ಹುಡುಗಿಯನ್ನು ಮುಂದೆ ಮದುವೆಯಾದ. ದೊಡ್ಡ ಸಂಸಾರವಾಯಿತು. ಕೋಪ ಅವನ ದೌರ್ಬಲ್ಯ. ಒಂದು ಜಗಳ ಕೈಮೀರಿ ಬಂಡಿಯವನೊಬ್ಬ ಇವನ ಕೈಯಲ್ಲಿ ಸತ್ತ. ಅದಕ್ಕಾಗಿ ಸ್ವಲ್ಪ ಕಾಲ ಊರು ಬಿಟ್ಟಿರಬೇಕಾಯಿತು. 1652ರಲ್ಲಿ ರೋಮಿನಲ್ಲೇ ತೀರಿಕೊಂಡ. ಟರ್ಕಿಯ ಪತ್ರಗಳು 1650ರಲ್ಲಿ, ಅವನು ಬದುಕಿದ್ದಾಗಲೇ ಅಚ್ಚಾದವು. ಪರ್ಷಿಯಾದ ಪತ್ರಗಳು 1658ರಲ್ಲಿಯೂ ಭಾರತದ ಪತ್ರಗಳು 1663ರಲ್ಲಿಯೂ ಅವನ ಮಕ್ಕಳ ಪ್ರಯತ್ನದಿಂದ ಬೆಳಕು ಕಂಡವು. ಭಾರತದ ಪತ್ರಗಳ ಇಂಗ್ಲಿಷ್ ಅನುವಾದವನ್ನು 1892ರಲ್ಲಿ ಲಂಡನ್ನಿನ ಹ್ಯಾಕ್ಲೂಟ್ ಸೊಸೈಟಿ ಎರಡು ಸಂಪುಟಗಳಲ್ಲಿ ಟಿಪ್ಪಣಿ ಸಹಿತ ಮತ್ತೆ ಪ್ರಕಟಿಸಿತು. ಕನ್ನಡದಲ್ಲಿ ಎಚ್.ಎಲ್. ನಾಗೇಗೌಡರು ಪ್ರವಾಸಿ ಕಂಡ ಇಂಡಿಯಾ ಎಂಬ ಸಂಪುಟಗಳ ಮೂಲಕ ವಿದೇಶಿ ಪ್ರವಾಸಿಗರ ಬರಹಗಳನ್ನು ನಮ್ಮವರ ಕೈಗೆ ತಂದುಕೊಟ್ಟರು. ವಿದ್ಯಾರ್ಥಿಗಳು ಗ್ರಂಥಾಲಯದಲ್ಲಿ ಹುಡುಕಿ ಓದಬೇಕು.

ವಿದ್ಯಾರ್ಥಿ ಮಿತ್ರರೇ, ನಮ್ಮ ನಾಡಿನ ಚರಿತ್ರೆ ಕನ್ನಡದ ಶಾಸನ, ಕಡತಗಳಲ್ಲಿ ಮಾತ್ರ ಇಲ್ಲ. ಅದರ ಚೂರುಗಳು ಪಾರಸಿ, ಪೋರ್ಚುಗೀಸ್, ಡಚ್, ಇಟಾಲಿಯನ್ ಭಾಷೆಗಳಲ್ಲಿ ಚದುರಿವೆ. ಅವನ್ನು ಬೇರೆಯವರು ಓದಿ ಹೇಳಿದ್ದನ್ನು ಮಾತ್ರ ನಂಬಿ ಕೂತರೆ ಜಕ್ಕಮ್ಮ ಗಿಯಾಕ್ಕಮಾ ಆಗಿಯೇ ಉಳಿಯುತ್ತಾಳೆ. ಅವಳನ್ನು ಗುರುತಿಸಲು ಇಟಾಲಿಯನ್ನೂ ಬೇಕು, ಕನ್ನಡವೂ ಬೇಕು. ಎರಡನೆಯದು ನಿಮ್ಮ ಬಳಿ ಈಗಾಗಲೇ ಇದೆ. ರೋಮಿನ ದೊಡ್ಡ ಪಂಡಿತನಿಗೂ ಅದು ಇರಲಿಲ್ಲ. ಕನ್ನಡ ಮಾಧ್ಯಮದಲ್ಲಿ ಓದಿದೆವೆಂಬ ಅಳುಕು ಬೇಡ.

ಇಟಾಲಿಯನ್ ಕಲಿಯಲು ಮೊದಲೇ ಏನೂ ಗೊತ್ತಿರಬೇಕಾಗಿಲ್ಲ. ದೆಹಲಿ ವಿಶ್ವವಿದ್ಯಾಲಯದಲ್ಲಿ ಅದನ್ನು ಮೊದಲ ಅಕ್ಷರದಿಂದ ಕಲಿಸುತ್ತಾರೆ. ಇಟಲಿಯ ಪೆರುಜಾ ಮತ್ತು ಸಿಯೆನಾ ನಗರಗಳಲ್ಲಿ ವಿದೇಶಿ ವಿದ್ಯಾರ್ಥಿಗಳಿಗೆಂದೇ ಇರುವ ವಿಶ್ವವಿದ್ಯಾಲಯಗಳಿವೆ. ಯುರೋಪಿನ ಭಾಷೆಗಳ ಕಲಿಕೆಯನ್ನು ಆರು ಮೆಟ್ಟಿಲುಗಳಾಗಿ ವಿಂಗಡಿಸಿದ್ದಾರೆ, ಒಂದೊಂದಾಗಿ ಹತ್ತಬಹುದು. ಎಲ್ಲರೂ ಇಟಾಲಿಯನ್ನೇ ಕಲಿಯಿರಿ ಎಂದು ನಾನು ಹೇಳುತ್ತಿಲ್ಲ. ಮೋಡಿ ಲಿಪಿಯಾಗಲಿ, ಪಾರಸಿಯಾಗಲಿ, ಪಕ್ಕದ ಮನೆಯವರ ಉರ್ದು, ತೆಲುಗು, ಲಂಬಾಣಿಯಾಗಲಿ, ನಿಮ್ಮದಲ್ಲದ ಒಂದು ಮಾತನ್ನು ಶ್ರದ್ಧೆಯಿಂದ ಕಲಿಯಿರಿ.

ಘಟ್ಟದ ಮೇಲಿನ ಆ ನಾಲ್ವರು ಹುಡುಗರ ಹೆಸರನ್ನು ಪಿಯೆತ್ರೊ ಬರೆದಿಡಲಿಲ್ಲ. ಕಾಗದವಿಲ್ಲದೆ, ಲೇಖನಿಯಿಲ್ಲದೆ, ಗುರುಗಳು ಎದುರಿಗೆ ಇಲ್ಲದಿದ್ದಾಗಲೂ ಒಬ್ಬರನ್ನೊಬ್ಬರು ತಿದ್ದಿಕೊಳ್ಳುತ್ತಾ ಅವರು ಕಲಿತರು. ಕಟ್ಟಡ, ಕಪ್ಪುಹಲಗೆ, ಪುಸ್ತಕ, ಗುರುಗಳು ಎಲ್ಲವೂ ಇರುವ ನಮ್ಮ ಶಾಲೆ ಮುಂದಿನ ಐವತ್ತು ವರ್ಷಗಳಲ್ಲಿ ಅಂಥ ಮಕ್ಕಳನ್ನು ಇನ್ನಷ್ಟು ಬೆಳೆಸಲಿ ಎಂದು ಹಾರೈಸುತ್ತೇನೆ.

— ಹಳೆಯ ವಿದ್ಯಾರ್ಥಿನಿ